ಪ್ಯಾರಿಸ್ಸಿನ ನಾಲಗೆ, ಹೊಳೆನರಸೀಪುರದ ಪೆಟ್ಟಿಗೆ

ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ಇನ್ನೂ ಯಾರೂ ಬಾಗಿಲಿಗೆ ನೀರು ಹಾಕಿಲ್ಲ. ದಾಕ್ಷಾಯಣಮ್ಮ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದಾರೆ. ಎಡಗೈಯಲ್ಲಿ ಬೆರಳುದ್ದದ ಹಿತ್ತಾಳೆಯ ಪಟ್ಟಿ, ಕಸುಬಿನವರ ಮಾತಿನಲ್ಲಿ ರೀಡು. ಅದರ ನಡುವೆ, ಒಂದು ತುದಿಯಲ್ಲಷ್ಟೇ ಅಂಟಿಕೊಂಡಿರುವ ತೆಳ್ಳಗಿನ ನಾಲಗೆ. ಹಾರ್ಮೋನಿಯಂನ ಒಂದು ಸ್ವರ ಹುಟ್ಟುವುದು ಈ ನಾಲಗೆ ಅದುರಿದಾಗ. ಬಲಗೈಯ ಸಣ್ಣ ಅರದಿಂದ ಅದನ್ನು ಒಮ್ಮೆ ಕೆರೆಯುತ್ತಾರೆ, ಪುಟ್ಟ ತಿದಿಯ ಮೇಲಿಟ್ಟು ಗಾಳಿ ಬಿಡುತ್ತಾರೆ, ತಲೆ ವಾರೆ ಮಾಡಿ ಕೇಳುತ್ತಾರೆ. ಸಾಲದು. ಇನ್ನೊಮ್ಮೆ ಕೆರೆಯುತ್ತಾರೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಅತಿಯಾಗಿ ಕೆರೆದರೆ ನಾಲಗೆಯೇ ಮುರಿಯುತ್ತದೆ.

"ಈ ಒತ್ನಾಗೇ ಆಗ್ಬೇಕು ಸಾ. ಕಾಗೆ ಎದ್ಬುಟ್ರೆ ಮುಗೀತು. ಆಮ್ಯಾಕೆ ಬಸ್ಸು, ಆಮ್ಯಾಕೆ ನಮ್ಮೆಜಮಾನ್ರು."

ಯಜಮಾನರು ಈಶ್ವರಯ್ಯ. ಬೆಳಕು ಹರಿದ ಮೇಲೆ ಒಳಗಿನ ಪಡಸಾಲೆಯಲ್ಲಿ ಹಲಸಿನ ಹಲಗೆಗೆ ಉಜ್ಜುಗೊರಡು ಹಾಕುತ್ತಾರೆ. ಹಿಂದೆ ನಾಟಕದ ಕಂಪನಿಯೊಂದರಲ್ಲಿ ಬಡಗಿಯಾಗಿದ್ದವರು. ಜ್ವರವೊಂದು ಬಂದು ಕಿವಿ ಹೋಯಿತು. ಆ ಕಂಪನಿಯ ಅಡಿಗೆ ಬಿಡಾರದಲ್ಲಿ ರೊಟ್ಟಿ ತಟ್ಟುತ್ತಿದ್ದ ದಾಕ್ಷಾಯಣಮ್ಮ, ಪಕ್ಕದಲ್ಲೇ ಕೂತು ರೀಡು ಕೆರೆಯುತ್ತಿದ್ದ ಹಾರ್ಮೋನಿಯಂ ಪೆಟ್ಟಿಗೆಯ ಮಾಸ್ತರರನ್ನು ಕೇಳಿ ಕೇಳಿ ಕೆಲಸ ಕಲಿತರು. ಈಗ ಮರ ಗಂಡನದು, ಸ್ವರ ಹೆಂಡತಿಯದು. ಹಾಸನದ ಸಂಗೀತದ ಮೇಷ್ಟರುಗಳು, ಅರಕಲಗೂಡಿನ ನಾಟಕದವರು, ಚನ್ನರಾಯಪಟ್ಟಣದ ಭಜನೆ ಮನೆಗಳು, ಎಲ್ಲರ ಹಾರ್ಮೋನಿಯಂ ಕೆಟ್ಟಾಗ ಬರುವುದು ಈ ಜಗಲಿಗೆ. ಒಂದು ಪೆಟ್ಟಿಗೆಯನ್ನು ಪೂರ್ತಿ ಶ್ರುತಿಗೆ ತರಲು ವಾರ ಹಿಡಿಯುತ್ತದೆ. ಒಂದು ಬೆಳಗಿಗೆ ಐದಾರು ನಾಲಗೆ ಪಳಗಿದರೆ ಹೆಚ್ಚು.

ಒಳ್ಳೆಯ ರೀಡು ನಮ್ಮ ದೇಶದಲ್ಲಿ ಆಗುವುದಿಲ್ಲವೆಂದು ಅವರ ಖಚಿತ ಅಭಿಪ್ರಾಯ. ಪ್ಯಾರಿಸ್ಸಿನಿಂದ ಬರಬೇಕು, ಇಲ್ಲವೇ ಜರ್ಮನಿಯಿಂದ. ಯುದ್ಧ ಶುರುವಾಗಿ ಜರ್ಮನಿಯ ಬಾಗಿಲು ಮುಚ್ಚಿದೆ. ಪ್ಯಾರಿಸ್ಸಿನಿಂದ ಅವರು ತರಿಸುವುದು ರೀಡುಗಳನ್ನು ಮಾತ್ರ. ಸೋಪಿನ ಡಬ್ಬಿಯಷ್ಟು ದೊಡ್ಡ ತಗಡಿನ ಡಬ್ಬಿ, ಹತ್ತಿಯಲ್ಲಿ ಸುತ್ತಿ ಬರುತ್ತದೆ. ಪೂರ್ತಿ ವಾದ್ಯ ತರಿಸಿದರೆ ಆಗುವುದೇ ಬೇರೆ. ಹಡಗಿನವರು ಇಂಥ ಸಾಮಾನಿಗೆ ತೂಕ ನೋಡುವುದಿಲ್ಲ, ಎಷ್ಟು ಜಾಗ ಹಿಡಿಯುತ್ತದೆಂದು ಅಳೆಯುತ್ತಾರೆ. ಹಾರ್ಮೋನಿಯಂನೊಳಗೆ ಮುಕ್ಕಾಲು ಪಾಲು ಇರುವುದು ಗಾಳಿ. ಆ ಗಾಳಿಗೂ ಬಾಡಿಗೆ. ಬೊಂಬಾಯಿಯ ಬಂದರಿನಲ್ಲಿ ವಾದ್ಯವೆಂದರೆ ಭೋಗದ ವಸ್ತು. ಎರಡು ರೂಪಾಯಿ ಬೆಲೆಗೆ ಒಂದು ರೂಪಾಯಿ ಸುಂಕ. ಬೆಲೆ ಎಂದರೆ ಅಂಗಡಿಯ ಬೆಲೆಯೂ ಅಲ್ಲ. ಅದಕ್ಕೆ ಹಡಗಿನ ಬಾಡಿಗೆ ಸೇರಿಸಿ, ವಿಮೆ ಸೇರಿಸಿ, ಆ ಒಟ್ಟಿನ ಮೇಲೆ ಸುಂಕ.

"ಬಾಡ್ಗೇಗೂ ಸುಂಕ ಆಕ್ತಾರೆ ಕಣ ಸಾ! ಸಂತೆಗೆ ಕುಂಬಳಕಾಯಿ ಒತ್ಕಂಡೋದ್ರೆ ಕಾಯ್ಗೂ ಸುಂಕ, ಗಾಡಿ ಬಾಡ್ಗೇಗೂ ಸುಂಕ ಅಂದ್ರೆ ಯಾರಾನಾ ಕೊಟ್ಟಾರಾ? ಬೊಂಬಾಯ್ನಾಗೆ ಕೊಡ್ತಾರೆ."

ಅದಾದ ಮೇಲೆ ಬೊಂಬಾಯಿಯ ಏಜೆಂಟನ ಕಮಿಷನ್, ಅರಸೀಕೆರೆಯಲ್ಲಿ ಗಾಡಿ ಬದಲಿಸಿಕೊಂಡು ಬರುವ ರೈಲಿನ ಚಾರ್ಜು. ಕೊನೆಗೆ ಸ್ಟೇಷನ್ನಿನಿಂದ ಊರೊಳಕ್ಕೆ ಬರುವಾಗ ಪುರಸಭೆಯ ಸುಂಕದ ಕಟ್ಟೆ. ಅಲ್ಲಿ ಕೂರುವ ಕೆಂಚಯ್ಯ ಮೊದಲ ಸಲ ಕೇಳಿದ್ದನ್ನು ದಾಕ್ಷಾಯಣಮ್ಮ ಇಂದಿಗೂ ನಕ್ಕು ಹೇಳುತ್ತಾರೆ.

"'ಏನಕ್ಕಾ ಇದು, ತಿನ್ನೋದಾ ಉಡೋದಾ?' ಅಂದ. ಊದೋದು ಕಣಪ್ಪಾ ಅಂದೆ. 'ಊದೋದು ನಮ್ ಪಟ್ಟೀಲಿಲ್ಲ, ಓಗು' ಅಂದ. ಲಂಡನ್ನಿನ್ ದೊರೇಗಿಂತ ಅವ್ನೇ ವಾಸಿ."

ಇಷ್ಟೆಲ್ಲ ತಿಳಿದೂ ಹೋದ ವರ್ಷ ಅವರು ಒಂದು ಪೂರ್ತಿ ಹಾರ್ಮೋನಿಯಂ ತರಿಸಿದರು. ತರಿಸಿಕೊಂಡವರು ಚನ್ನರಾಯಪಟ್ಟಣದ ಪಾತ್ರೆ ವ್ಯಾಪಾರಿ ಜಿನ್ನಪ್ಪನವರು. ಅವರ ತಾಯಿ ಅನಂತಮ್ಮನವರು ತಮ್ಮ ಹಳ್ಳಿಯ ಬಸದಿಗೆ, ಮಹಾವೀರ ಜಯಂತಿಯ ಹೊತ್ತಿಗೆ, ಒಂದು ಹಾರ್ಮೋನಿಯಂ ಒಪ್ಪಿಸುತ್ತೇನೆಂದು ಹರಕೆ ಹೊತ್ತಿದ್ದರು. ಬಸದಿಯವರು ಹಾಕಿದ ಷರತ್ತು ಒಂದೇ: ಅದರಲ್ಲಿ ಚರ್ಮ ಇರಕೂಡದು.

"ನಾನು ಮಾಡ್ಕೊಡ್ತೀನಿ ಸಾವ್ಕಾರ್ರೇ, ರೀಡು ಮಾತ್ರ ತರ್ಸಾನ ಅಂದೆ. ಕೇಳ್ಲಿಲ್ಲ. ಪೂರಾ ಪ್ಯಾರಿಸ್ಸಿಂದೇ ಆಗ್ಬೇಕು, ಊರಿಗೆಲ್ಲ ಯೇಳ್ಬುಟ್ಟಿವ್ನಿ ಅಂದ್ರು."

ಈ ಕಡೆಯ ರೂಢಿಯಂತೆ ವಾದ್ಯ ಒಂದು ಪೂಜೆಗೆ ನುಡಿದ ಮೇಲೆಯೇ ಹಣ. ಅಲ್ಲಿಯವರೆಗಿನ ಖರ್ಚೆಲ್ಲ ತರಿಸಿಕೊಟ್ಟವರದು. ದಾಕ್ಷಾಯಣಮ್ಮ ತಮ್ಮ ಬೆಂಡೋಲೆಗಳನ್ನು ಹಾಸನದಲ್ಲಿ ಅಡವಿಟ್ಟರು. ಮನೆಯಲ್ಲಿದ್ದ ಬಂಗಾರ ಅಷ್ಟೇ. ಪೋಸ್ಟ್ ಮಾಸ್ತರರಿಂದ ಇಂಗ್ಲಿಷಿನಲ್ಲಿ ಕಾಗದ ಬರೆಸಿ, ಚರ್ಮ ಬೇಡವೆಂದು ಎರಡು ಸಲ ಹೇಳಿಸಿದರು. ಪೆಟ್ಟಿಗೆ ಹಡಗು ಹತ್ತುವಷ್ಟರಲ್ಲಿ ಯುದ್ಧ ಶುರುವಾಯಿತು. ಬಾಡಿಗೆ ಏರಿತು, ವಿಮೆ ಏರಿತು, ಎರಡೂ ಏರಿದ್ದರಿಂದ ಸುಂಕವೂ ಏರಿತು. ಏರಿದ್ದನ್ನೆಲ್ಲ ಕಟ್ಟಿ ಬಿಡಿಸಿಕೊಂಡು ಬಂದ ಪೆಟ್ಟಿಗೆಯನ್ನು ಸಂಕ್ರಾಂತಿ ಕಳೆದ ಮೇಲೆ ಇದೇ ಜಗಲಿಯಲ್ಲಿ ಬಿಚ್ಚಿದರು.

ಹೊರಗಿನ ಚರ್ಮದ ಹಿಡಿಗಳನ್ನು ತೆಗೆದು, ಅಲ್ಲಿ ಚೆಂದದ ಹಗ್ಗದ ಹಿಡಿ ಹಾಕಿ ಕಳಿಸಿದ್ದರು. ಒಳಗೆ ಪ್ರತಿಯೊಂದು ಮನೆಯ ಕೆಳಗೂ ಗಾಳಿ ಮುಚ್ಚುವ ಪಟ್ಟಿಗೆ ಎಳೆ ಮೇಕೆಯ ಚರ್ಮ ಹಾಗೇ ಇತ್ತು. ಮನೆ ಎಂದರೆ ಬೆರಳಿಟ್ಟು ಒತ್ತುವ ಬಿಳಿ, ಕರಿ ಪಟ್ಟಿಗಳು. ಪ್ಯಾರಿಸ್ಸಿನವರಿಗೆ ಚರ್ಮ ಬೇಡವೆಂದರೆ ಕೈಗೆ ತಗಲುವುದು ಬೇಡವೆಂದು ಅರ್ಥವಾಗಿರಬೇಕು.

"ಸುಳ್ಳ್ಯಾಕೆ ಸಾ, ಎಲ್ಡು ದಿನ ಬಾಯ್ಬಿಡ್ಲಿಲ್ಲ. ಮುಚ್ಚಿ ಕೊಟ್ಬುಟ್ರೆ ಯಾರ್ ನೋಡ್ತಾರೆ? ಬಿಚ್ಚೋಳೂ ನಾನೇ, ಮುಚ್ಚೋಳೂ ನಾನೇ. ಮೂರ್ನೇ ದಿನ ಸಾವ್ಕಾರ್ರ ಜತೆ ಆಯಮ್ಮನೂ ಬಂದ್ರು. ಬಂದೋರೇ ಪೆಟ್ಟಿಗೆಗೆ ಕೈ ಮುಗುದ್ಬುಟ್ರು. ಆಗ ತಡ್ಕಳಾಕಾಗ್ಲಿಲ್ಲ."

ಆ ದಿನ ಜಗಲಿಯ ಮೇಲೆ ನಡೆದ ಮಾತು ಬೀದಿಗೆಲ್ಲ ಕೇಳಿಸಿದೆ. ಎದುರು ಮನೆಯ ಕಾಮಾಕ್ಷಮ್ಮ ಅದನ್ನು ಒಂದಕ್ಷರ ಬಿಡದೆ ಹೇಳಬಲ್ಲರು. ಚರ್ಮವಿದೆ ಎಂದದ್ದೇ ತಡ, ಜಿನ್ನಪ್ಪನವರು ದಾಕ್ಷಾಯಣಮ್ಮನ ಹತ್ತಿರ ಬಗ್ಗಿ ಮೆಲ್ಲಗೆ ಅಂದರಂತೆ:

"ಹೇಳದೇ ಇದ್ದಿದ್ರೆ ಆಗ್ತಿತ್ತಲ್ರೀ! ಯಾರಿಗೆ ಗೊತ್ತಾಗ್ತಿತ್ತು?"

"ನಂಗೆ ಕೇಳಿಸ್ತು ಕಣೋ," ಎಂದರು ಅನಂತಮ್ಮ.

"ಅಲ್ಲಮ್ಮಾ, ಬಸದಿ ಡೋಲಿಗೆ ಚರ್ಮ ಇಲ್ವಾ?"

"ಡೋಲು ಬಾಗಿಲಾಚೆ ನಿಂತು ಬಾರಿಸ್ತಾರೆ. ಪೆಟ್ಟಿಗೆ ಒಳಗೆ ನನ್ನ ಪಕ್ಕ ಕೂರುತ್ತೆ. ಚರ್ಮ ಕಿತ್ತಾಕಿ ಬೇರೆ ಏನಾದ್ರೂ ಹಾಕೋಕೆ ಬರುತ್ತಾಮ್ಮ, ದಾಕ್ಷಾಯಣಮ್ಮ?"

"ಕಂಬ್ಳಿ ಬಟ್ಟೆ ಆಕ್ಬೋದು ಅಮ್ಮಾರೇ. ಉಣ್ಣೆ ಗಾಳಿ ತಡೀತದೆ."

"ಕುರಿ ಬದುಕಿರುವಾಗಲೇ ಕತ್ತರಿಸಿದ್ದು ತಾನೆ?"

"ಅಯ್ಯೋ, ಈಗ್ಲೂ ಮೇಯ್ತಾ ಅದೆ, ಬೇಕಾರೆ ತೋರುಸ್ತೀನಿ."

ಮುದುಕಿ ನಕ್ಕರು. ಆಮೇಲೆ, ಪೆಟ್ಟಿಗೆಯ ಹಲಗೆಗಳನ್ನು ಯಾವುದರಿಂದ ಅಂಟಿಸಿದ್ದಾರೆಂದು ಕೇಳಿದರು. ಮೊಳೆ ಕಾಣುತ್ತಿರಲಿಲ್ಲ. ಮೂಳೆ, ಚರ್ಮ ಬೇಯಿಸಿ ಮಾಡಿದ ಅಂಟು ಎಂದು ದಾಕ್ಷಾಯಣಮ್ಮ ಹೇಳಬೇಕಾಯಿತು. ಹೊಳಪು? ಅರಗಿನದು. ಅರಗು ಹುಳದ್ದಲ್ಲವೇ? ಹೌದು, ಹುಳದ್ದೇ. ಒಂದೊಂದು ಉತ್ತರಕ್ಕೂ ಪ್ಯಾರಿಸ್ಸಿನ ಹಾರ್ಮೋನಿಯಂನ ಒಂದೊಂದು ಭಾಗ ಬಸದಿಯಿಂದ ಹೊರಕ್ಕೆ ಹೋಯಿತು. ಕೊನೆಗೆ ಒಳಗೆ ಹೋಗಲು ಯೋಗ್ಯವಾಗಿ ಉಳಿದದ್ದು ಹಿತ್ತಾಳೆಯ ರೀಡುಗಳು ಮಾತ್ರ. ಸೋಪಿನ ಡಬ್ಬಿಯಲ್ಲಿ ಬರಬಹುದಾಗಿದ್ದ ರೀಡುಗಳು.

"ಇದನ್ನೇ ತಾನೆ ನಾನು ಮೊದ್ಲೇ ಬಡ್ಕಂಡಿದ್ದು," ಎಂದು ಕಿವಿ ಕೇಳದ ಈಶ್ವರಯ್ಯ, ಯಾರ ಮುಖದಿಂದ ಏನು ಓದಿಕೊಂಡರೋ, ಪಡಸಾಲೆಯಿಂದಲೇ ಕೂಗಿದರಂತೆ.

ಆ ರೀಡುಗಳಿಗೆಂದೇ ಗಂಡ ಹೆಂಡತಿ ಮಾಡಿದ ಹೊಸ ಪೆಟ್ಟಿಗೆ ಈಗ ಸಿದ್ಧವಾಗಿದೆ. ಹಲಸಿನ ಹಲಗೆಗಳನ್ನು ಹಲ್ಲಿಗೆ ಹಲ್ಲು ಕೂರಿಸಿ ಜೋಡಿಸಿದ್ದಾರೆ, ಅಂಟೇ ಬೇಕಾಗದ ಹಾಗೆ. ತಿದಿಗೆ ನಾಲ್ಕು ಪದರ ಬಟ್ಟೆ. ಅದನ್ನು ರಟ್ಟಿಗೆ ಹಿಡಿಸಲು ಹುಣಸೆ ಬೀಜ ಅರೆದು ಕಾಯಿಸಿದ ಗಂಜಿ. ಮುಚ್ಚುವ ಪಟ್ಟಿಗಳಿಗೆ ಕಂಬಳಿ. ಮೇಲೆ ಅಗಸೆ ಎಣ್ಣೆ ತಿಕ್ಕಿದ್ದಾರೆ. ಮೊದಲ ಸಲ ಕಂಬಳಿ ಒರಟಾಗಿ ಗಾಳಿ ಸೋರಿತು, ಬೆರಳು ಮುಟ್ಟದಿದ್ದರೂ ಎರಡು ಸ್ವರ ಗುಂಯ್‌ಗುಟ್ಟಿದವು. ದಾಕ್ಷಾಯಣಮ್ಮ ಎಲ್ಲವನ್ನೂ ಕಿತ್ತು, ಕಂಬಳಿಯನ್ನು ಕುದಿನೀರಿನಲ್ಲಿ ಅದ್ದಿ, ಒನಕೆಯಲ್ಲಿ ಕುಟ್ಟಿ, ಒತ್ತಾಗಿಸಿ ಮತ್ತೆ ಹಾಕಿದರು.

"ಕಣ್ಣಾಗೆ ನೀರು ಬಂದ್ಬುಡ್ತು ಸಾ. ಆದ್ರೆ ಅತ್ಕಂಡು ಕುಂತ್ರೆ ಕಂಬ್ಳಿ ಒತ್ತಾದಾತಾ?"

ರೀಡು ತೆಗೆದ ಮೇಲೆ ಉಳಿದ ಪ್ಯಾರಿಸ್ಸಿನ ಪೆಟ್ಟಿಗೆಯ ಮೈ ಮೂಲೆಯಲ್ಲಿದೆ, ಬಾಯಿ ತೆರೆದುಕೊಂಡು. ಅರಕಲಗೂಡಿನ ನಾಟಕದ ಪರಮಶಿವಯ್ಯ ಅದನ್ನು ನೋಡಿಕೊಂಡು ಹೋಗಿದ್ದಾರೆ. ಒಳಗೆ ಹಳೆಯ ರೀಡು ಕೂರಿಸಿಕೊಟ್ಟರೆ ತೆಗೆದುಕೊಳ್ಳುತ್ತಾರೆ, ನಾಟಕದವರಿಗೆ ಚರ್ಮದ ತಕರಾರಿಲ್ಲ. ಆದರೆ ಹಣ ಕೊಡುವುದು ಯುಗಾದಿಯ ನಂತರದ ಆಟಗಳಾದ ಮೇಲೆ. ಹಳೆಯ ರೀಡಿಗೆ ಸಿಗುವುದು ಹಳೆಯ ಬೆಲೆಯೇ, ಕಟ್ಟಿದ ಸುಂಕ ಅದರಿಂದ ಹುಟ್ಟುವುದಿಲ್ಲ.

ಇವತ್ತು ಜಿನ್ನಪ್ಪನವರು ಹೊಸ ಪೆಟ್ಟಿಗೆ ಕೊಂಡೊಯ್ಯಲು ಬರುವ ದಿನ. ಬಿಸಿಲೇರುವ ಮೊದಲೇ ಬಾಡಿಗೆ ಮೋಟಾರು ಬೀದಿಯಲ್ಲಿ ನಿಲ್ಲುತ್ತದೆ. ತಾಯಿಯೂ ಬಂದಿದ್ದಾರೆ. ದಾಕ್ಷಾಯಣಮ್ಮ ಒಂದು ಪದ ನುಡಿಸುತ್ತಾರೆ. ಅನಂತಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಮುಗಿದ ಮೇಲೆ, "ಹದವಾಗಿದೆ. ಪೂಜೆವರೆಗೂ ಕಾಯೋದು ಬೇಡ, ಜಿನ್ನಪ್ಪ, ಈಗಲೇ ಕೊಟ್ಟುಬಿಡು," ಎನ್ನುತ್ತಾರೆ.

ಎಷ್ಟು ಕೊಡುವುದು ಎಂಬುದು ಉಳಿಯುತ್ತದೆ. ರೀಡಿನ ಬೆಲೆ, ಹೊಸ ಪೆಟ್ಟಿಗೆಯ ಕೂಲಿ, ಇವೆರಡರಲ್ಲಿ ಚರ್ಚೆಯಿಲ್ಲ. ಬಸದಿಯೊಳಕ್ಕೆ ಹೋಗದ ಪ್ಯಾರಿಸ್ಸಿನ ಮೈಯ ಬಾಡಿಗೆ, ವಿಮೆ, ಸುಂಕ ಯಾರದು? ಜಿನ್ನಪ್ಪನವರು ಎದ್ದು ಮೂಲೆಗೆ ಹೋಗಿ, ಆ ಮೈಯ ಮುಂದೆ ತಿರುಪಿನಿಂದ ಕೂರಿಸಿದ್ದ ಹಿತ್ತಾಳೆಯ ತಗಡನ್ನು ಬೆರಳಿನಿಂದ ಒರೆಸುತ್ತಾರೆ. ಕಂಪನಿಯ ಹೆಸರು, ಊರಿನ ಹೆಸರು ಸುರುಳಿ ಅಕ್ಷರಗಳಲ್ಲಿ ಕೆತ್ತಿದೆ.

"ಇದನ್ನ ತೆಗೆದು ಹೊಸದರ ಮೇಲೆ ಹೊಡೆದುಬಿಡಿ, ದಾಕ್ಷಾಯಣಮ್ಮ. ಹಿತ್ತಾಳೆ ತಾನೆ, ಬಸದಿಗೆ ದೋಷವಿಲ್ಲ. ಸುಂಕ, ಗಿಂಕ ಎಲ್ಲ ಕಾಸು ಬಿಡದೆ ನಾನೇ ಕೊಡ್ತೀನಿ. ನಾಳೆಯೇ ನಿಮ್ಮ ಓಲೆ ಬಿಡಿಸ್ಕೊಳ್ಳಿ."

ಈಶ್ವರಯ್ಯ ಆಗಲೇ ತಿರುಪುಳಿ ಹಿಡಿದು ಎದ್ದು ನಿಂತಿದ್ದಾರೆ. ಜಿನ್ನಪ್ಪನವರ ಸನ್ನೆ ಅವರಿಗೆ ತಿಳಿದಿದೆ. ದಾಕ್ಷಾಯಣಮ್ಮ ಗಂಡನ ಕೈಯಿಂದ ತಿರುಪುಳಿ ಇಸಿದುಕೊಂಡು, ಪ್ಯಾರಿಸ್ಸಿನ ಮೈ ಮೇಲಿನ ತಗಡನ್ನು ತಾವೇ ಬಿಚ್ಚಿ, ಸೆರಗಿನಲ್ಲಿ ಒರೆಸಿ, ಜಿನ್ನಪ್ಪನವರ ಅಂಗೈಗಿಡುತ್ತಾರೆ.

"ಇದ್ಕೂ ಸುಂಕ ಕಟ್ಟಿವ್ನಿ ಸಾವ್ಕಾರ್ರೇ, ನಿಮ್ಗೇ ಇರ್ಲಿ. ಅಂಗ್ಡೀಲಿ ಮಡೀಕಳಿ. ರೀಡು ಪ್ಯಾರಿಸ್ಸಿಂದು ಅಂತ ಊರಿಗೆಲ್ಲ ಯೇಳಿ, ಅದು ದಿಟ. ಪೆಟ್ಟಿಗೆ ಮ್ಯಾಲೆ ಒಡೆಯಾದು ಬ್ಯಾಡ. ಈ ಪೆಟ್ಟಿಗೆ ಅಲ್ಲಿಂದ ಬಂದಿಲ್ಲ."

"ಓಲೆ?" ಎನ್ನುತ್ತಾರೆ ಜಿನ್ನಪ್ಪನವರು.

"ಅದಿರ್ಲಿ ಬುಡಿ. ಅರಕಲಗೂಡೋರು ಕೊಟ್ಟಂಗೆ, ರಿಪೇರಿ ಬಂದಂಗೆ ಬುಡಿಸ್ಕತ್ತೀನಿ."

ಜಿನ್ನಪ್ಪನವರು ತಾಯಿಯ ಮುಖ ನೋಡುತ್ತಾರೆ. ಅನಂತಮ್ಮ ಹಡಗಿನ ಬಾಡಿಗೆಯನ್ನಾದರೂ ಕೊಡೆಂದು ಹೇಳುತ್ತಾರೆ, ಮಗ ಕೊಡುತ್ತಾನೆ. ವಿಮೆ, ಸುಂಕ ದಾಕ್ಷಾಯಣಮ್ಮನ ಮೇಲೆಯೇ ಉಳಿಯುತ್ತವೆ. ಮೋಟಾರಿನ ಹಿಂದಿನ ಸೀಟಿನಲ್ಲಿ, ಮಡಿಸಿದ ಜಮಖಾನದ ಮೇಲೆ, ಹೊಸ ಪೆಟ್ಟಿಗೆಯನ್ನು ಕೂರಿಸಿದ್ದಾಯಿತು. ಅನಂತಮ್ಮ ಅದರ ಪಕ್ಕ ಕೂತು, ಎಣ್ಣೆ ತಿಕ್ಕಿದ ಬರಿಯ ಮುಖವನ್ನು ಸವರಿ, ಬಗ್ಗಿ ಕೇಳುತ್ತಾರೆ:

"ಹೆಸರೇ ಇಲ್ಲದೆ ಬಿಕೋ ಅನ್ನುತ್ತಲ್ಲಮ್ಮ. ನಿನ್ನ ಹೆಸರಾದರೂ ಕೆತ್ತಬಾರದಿತ್ತೇ?"

"ನನ್ನೆಸ್ರು ಯಾಕ್ ಅಮ್ಮಾರೇ?" ಎನ್ನುತ್ತಾರೆ ದಾಕ್ಷಾಯಣಮ್ಮ, ಮೋಟಾರಿನ ಬಾಗಿಲು ತಳ್ಳಿ ಮುಚ್ಚುತ್ತಾ. "ಕೆಟ್ರೆ ಎಲ್ಲಿಗ್ ತರ್ಬೇಕು ಅಂತ ನಿಮ್ಗೆ ಗೊತ್ತಲ್ಲ."