ಟೈಗರ್‌ಗೆ ಹಾಕಿದ ರೊಟ್ಟಿ

“ಏನೂ ಮಾಡಂಗಿಲ್ಲ ತಮ್ಮಾ ಅದು!”

ಟೈಗರ್ ಎಂಬ ನಾಯಿ ನನ್ನ ಪ್ಯಾಂಟು ಕಚ್ಚಿ ಜಗ್ಗುತ್ತಿದ್ದಾಗ ಅದರ ಮಾಲೀಕ ಕೊಟ್ರಪ್ಪ ಕಟ್ಟೆಯ ಮೇಲಿಂದ ಹೇಳಿದ ಮಾತಿದು. ಬಾಯಲ್ಲಿ ಬೇವಿನ ಕಡ್ಡಿ. ಎದ್ದು ಬರುವ ಯೋಚನೆಯೇ ಇಲ್ಲ.

“ಪ್ಯಾಂಟ್ ಹರದೈತಿ ನೋಡ್ರಿ!”

“ಕಾಲು ಹರದಿಲ್ಲಲ್ಲ? ಆಟಾ ಆಡ್ತೈತಿ. ನಿನ್ನ ತಂಗಿ ಓಡ್ತಾಳ, ಅದೂ ಓಡ್ತೈತಿ. ನಡಕೊಂಡು ಹೋಗಾಕ ಹೇಳು.”

ಓಟದ ಪರೀಕ್ಷೆಗೆ ನಡೆದುಕೊಂಡು ತಯಾರಾಗುವುದು ಹೇಗೆ ಸ್ವಾಮಿ?

ತಂಗಿ ಮಂಜುಳಾ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಮುಂದಿನ ತಿಂಗಳು ಬಳ್ಳಾರಿಯಲ್ಲಿ ಓಡಿ ತೋರಿಸಬೇಕು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ. ಹಾಗಾಗಿ ದಿನಾ ಮುಂಜಾನೆ ಇಟ್ಟಿಗಿ ಊರಿನ ರಸ್ತೆಯಲ್ಲಿ ಅವಳು ಮುಂದೆ ಓಡುತ್ತಾಳೆ. ಕೋಲು ಹಿಡಿದು ಸೈಕಲ್ ಮೇಲೆ ಹಿಂದೆ ಹೋಗುವುದು ನನ್ನ ಡ್ಯೂಟಿ.

ನಮ್ಮ ಹಡಗಲಿಯಲ್ಲಿ ಎಮ್ಮೆಗೆ ಹಗ್ಗವಿದೆ, ಎತ್ತಿಗೆ ಮೂಗುದಾರವಿದೆ, ಕೋಳಿಗೂ ಬುಟ್ಟಿ ಇದೆ. ನಾಯಿಗೆ ಮಾತ್ರ ಊರೆಲ್ಲ ಬಯಲು. ಕಳ್ಳನನ್ನು ಓಡಿಸಿದರೆ ಅದು ನಮ್ಮ ನಾಯಿ. ಕಚ್ಚಿದರೆ ಬೀದಿ ನಾಯಿ! ಹಾಲಿನವನ ಸೈಕಲ್ ಹೋದರೆ ಕಣ್ಣೂ ಬಿಡದ ನಾಯಿಗಳು ಓಡುವ ಹುಡುಗಿಯನ್ನು ಕಂಡರೆ ಎದ್ದು ನಿಲ್ಲುತ್ತವೆ. (ನಾಯಿಗಳನ್ನೇ ಏಕೆ ಅನ್ನಬೇಕು? “ಯಾರು ಅಟ್ಟಿಸ್ಕೊಂಡು ಬಂದಾರಬೇ?” ಎಂದು ಅವಳನ್ನು ದಿನಾ ಕೇಳುವ ಹಿರಿಯರೂ ಇದ್ದಾರೆ.)

ಕೈಯಲ್ಲಿ ಕೋಲಿತ್ತಲ್ಲ, ಒಂದು ಬಿಡಬಾರದಿತ್ತೇ ಎನ್ನುತ್ತೀರಿ. ನಮ್ಮ ಮನೆದೇವರು ಮೈಲಾರಲಿಂಗ. ನಾಯಿ ಅವನ ಸಂಗಾತಿ. ಅವನ ಹೆಸರಲ್ಲಿ ಭಿಕ್ಷೆಗೆ ಗೊರವಪ್ಪ ಬಂದರೆ ಅವ್ವ ಅವನ ದೋಣಿಯೆಂಬ ಮರದ ಬಟ್ಟಲಿಗೆ ಹಾಲು ಸುರಿಯುತ್ತಾಳೆ, ಅವನು ನಾಯಿಯಂತೆ ಬೊಗಳಿ ಬಾಯಿ ಹಾಕಿ ಕುಡಿಯುತ್ತಾನೆ. ಅಂಥ ಮನೆಯವನು ನಾಯಿಗೆ ಹೊಡೆಯುವುದುಂಟೇ?

“ಕೋಲು ತೋರ್ಸು, ಹೊಡೀಬ್ಯಾಡ” ಎಂದಳು ಅವ್ವ.

ತೋರಿಸಿದೆ. ಟೈಗರ್ ಅದನ್ನು ಮೂಸಿ ನೋಡಿತು.

ಮರುದಿನದಿಂದ ನಾನು ಸುಲಭದ ದಾರಿ ಹಿಡಿದೆ. ಬುಟ್ಟಿಯಿಂದ ತಂಗಳ ರೊಟ್ಟಿ ಕದ್ದು, ಅಂಗಿಯೊಳಗೆ ಸೇರಿಸಿ, ಕೊಟ್ರಪ್ಪನ ಮನೆ ಬಂದಾಗ ತುಂಡು ಮಾಡಿ ಎಸೆದೆ. ಏನು ಶಾಂತಿ! ಟೈಗರ್ ಬಾಲ ಅಲ್ಲಾಡಿಸಿತು. ಅದರ ಬಳಗವೂ ಬಂತು. ಮುಂದೆ ಓಡುತ್ತಿದ್ದ ಮಂಜುಳಾ ತಿರುಗಿ ನೋಡಲಿಲ್ಲ.

“ಅಣ್ಣಾ, ನಾಯಿ ಸುಮ್ಮನಾದ್ವಲ್ಲೋ!”

“ಮತ್ತ? ನನ್ನ ಕೋಲು ಅಂದ್ರ ಏನು ತಿಳಕೊಂಡಿ?”

ಹೋದ ವಾರ ಒಂದು ಮುಂಜಾನೆ ಅವಳು ಕದ ಬಡಿದಳು.

“ಅಣ್ಣಾ, ಏಳೋ.”

“ನೀ ನಡಿ. ಸೈಕಲ್‌ಗೆ ಗಾಳಿ ಹೊಡಕೊಂಡು ಬರ್ತೀನಿ.”

ಸೈಕಲ್ ಶಾಪ್ ಇಟ್ಟವನ ಸೈಕಲ್ಲಿಗೆ ಗಾಳಿ ಇರುವುದಿಲ್ಲವೇ? ಇತ್ತು. ನಾನು ಕೌದಿ ಹೊದ್ದು ಮತ್ತೆ ಮಲಗಿದೆ.

ರೊಟ್ಟಿ ಬರುವ ಹೊತ್ತಿಗೆ ನಾಯಿಗಳು ರಸ್ತೆಯಲ್ಲಿ ಕಾಯುತ್ತಿದ್ದವು. ಬಂದವಳು ಮಂಜುಳಾ ಒಬ್ಬಳೇ. ಸುತ್ತುಗಟ್ಟಿದವು, ಮೈಮೇಲೆ ಹಾರಿದವು. ಕಚ್ಚಲಿಲ್ಲ. ಹಿಂದೆ ಹಿಂದೆ ಸರಿದ ಅವಳು ಮೋರಿಗೆ ಬಿದ್ದು ಪಾದ ಉಳುಕಿಸಿಕೊಂಡಳು.

ನನ್ನ ರೋಷ ನೋಡಬೇಕಿತ್ತು! ನೇರ ಕೊಟ್ರಪ್ಪನ ಕಟ್ಟೆಗೆ ಹೋದೆ.

“ನಾಯಿ ಕಟ್ಟಿ ಹಾಕಾಕ ಏನು ದಾಡಿರಿ ನಿಮಗ? ನನ್ನ ತಂಗಿ ನೌಕರಿ ಹೋದ್ರ ನೀವು ಕೊಡ್ತೀರೇನು?”

ಜನ ಸೇರಿದರು. ಈ ಸಲ ಕೊಟ್ರಪ್ಪ ಎದ್ದು ನಿಂತ.

“ಕಟ್ಟದ್ದು ನಂದು ತಪ್ಪು ತಮ್ಮಾ, ಇಲ್ಲನ್ನಂಗಿಲ್ಲ. ಆದ್ರ ಇದು ಹಿಂಗ ಮೈಮ್ಯಾಲ ಬೀಳ್ತಿರಲಿಲ್ಲ. ಈಗೀಗ ಮುಂಜಾನಿ ಮನ್ಯಾಗ ರೊಟ್ಟಿ ಮುಟ್ಟವಲ್ದು. ಯಾರೋ ದಾರ್ಯಾಗ ಹಾಕಿ ರೂಢಿ ಮಾಡ್ಯಾರ.”

ಟೈಗರ್ ಅಷ್ಟೊತ್ತಿಗೆ ನನ್ನ ಅಂಗಿಗೆ ಮೂತಿ ಹಚ್ಚಿ ಬಾಲ ಅಲ್ಲಾಡಿಸುತ್ತಿತ್ತು. ನಾನು ಅದರ ಮೂತಿ ಆಚೆ ತಳ್ಳಿದೆ. ಕೊಟ್ರಪ್ಪ ಎತ್ತಿನ ಹಗ್ಗ ತಂದು ಅದನ್ನು ಕಂಬಕ್ಕೆ ಬಿಗಿದ. ನಾನು ಮನೆ ಕಡೆ ನಡೆದೆ.

ಡಾಕ್ಟರು ಕಾಲು ಊರಬೇಡ ಎಂದಿದ್ದಾರೆ. ಮಂಜುಳಾ ಯಾರೂ ಇಲ್ಲದಾಗ ಗೋಡೆ ಹಿಡಿದು ಊರುತ್ತಿದ್ದಾಳೆ. ನಿನ್ನೆ ಬಾಗಿಲಲ್ಲಿ ನನ್ನನ್ನು ನೋಡಿ ನಕ್ಕಳು.

“ನೀ ಬಂದಿದ್ರ ಹಿಂಗಾಗ್ತಿರಲಿಲ್ಲ ಬಿಡಣ್ಣ. ನಿನ್ನ ಕೋಲಿಗೆ ಹೆದರ್ತಿದ್ವು.”

“ಹೂಂ” ಎಂದೆ.

ಓದುಗರೇ, ನಾಯಿಗಳನ್ನು ಕಟ್ಟಿಹಾಕಿ ಎಂದು ಬೈಯಲು ಈ ವಾರ ಪೆನ್ನು ಹಿಡಿದಿದ್ದೆ. ಈಗಲೂ ಹೇಳುತ್ತೇನೆ, ಕಟ್ಟಿಹಾಕಿ. ಆದರೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಬರಹವನ್ನು ವಾರವಾರ ತಿದ್ದಿ ಕೊಡುವವಳು ಮಂಜುಳಾ. ಇದೊಂದನ್ನು ಅವಳಿಗೆ ತೋರಿಸದೆ ಪೇಪರಿಗೆ ಕಳಿಸುತ್ತಿದ್ದೇನೆ.

ನಾಯಿ ಅಟ್ಟಿಸಿಕೊಂಡು ಬಂದರೆ ಓಡಬಾರದು, ನಿಂತುಬಿಡಬೇಕು ಎನ್ನುತ್ತಾರೆ. ಭಾನುವಾರ ಈ ಪೇಪರ್ ಹಿಡಿದುಕೊಂಡು ತಂಗಿ ಕುಂಟುತ್ತ ಬಂದರೆ ನಾನು ಏನು ಮಾಡಬೇಕು?