ಎರಡೂ ಕಡೆಯ ಮಾತು ಬರೆದವನು

ಸೂರಣ್ಣ, ನಿಮ್ಮನ್ನು ಕ್ಯಾಂಪಿಗೆ ಹಿಡಿಸಿಕೊಟ್ಟವನು ನಿಮ್ಮ ತಮ್ಮ ಪುಟ್ಟಯ್ಯನಲ್ಲ. ನಾನು. ನಿಮ್ಮ ಮಗಳು ಲಲಿತಾಳಿಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಮೇಷ್ಟ್ರು. ದೇವರಂಥ ಮನುಷ್ಯ ಎಂದು ನೀವು ಇಷ್ಟು ವರ್ಷ ನಾಲ್ಕು ಜನರ ಮುಂದೆ ಹೇಳಿಕೊಂಡು ಬಂದಿರಲ್ಲ, ಅದೇ ಮೇಷ್ಟ್ರು.

ಬೇಕೆಂದು ಮಾಡಿದ್ದಲ್ಲ ಎಂದು ಮುಂದಿನ ಸಾಲು ಬರೆದಿದ್ದೆ — ಹೊಡೆದು ಹಾಕಿದೆ. ನಿಮ್ಮ ಬಲಭುಜಕ್ಕೆ ಅದರಿಂದ ಏನಾಗಬೇಕು? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆಗ ನಾನು ಕಳಸದ ಕಡೆಯ ಒಂದು ಹೈಸ್ಕೂಲಿನಲ್ಲಿದ್ದೆ. ಪಾಠ ಮಾಡುವುದರಲ್ಲಿ ಸಾಧಾರಣ. ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವುದರಲ್ಲಿ ಮಾತ್ರ ಹೋಬಳಿಗೆಲ್ಲ ಹೆಸರು. ಆ ಸ್ಪರ್ಧೆಯ ಒಳಗುಟ್ಟು ನಿಮಗೆ ಗೊತ್ತಿರಲಾರದು. ಒಂದು ಶಾಲೆಯಿಂದ ಇಬ್ಬರು ಮಕ್ಕಳು — ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ಯಾರಿಗೆ ಹೆಚ್ಚೋ ಆ ಶಾಲೆಗೆ ಶೀಲ್ಡು. ಯಾರು ಯಾವ ಕಡೆ ಎಂಬುದನ್ನು ಚೀಟಿ ಎತ್ತಿಸಿ ತೀರ್ಮಾನಿಸುತ್ತಿದ್ದೆವು. ಎರಡು ಭಾಷಣವನ್ನೂ ಬರೆಯುವವರು ಮೇಷ್ಟ್ರೇ. ಭಾಷಣದ ಪ್ರತಿ ಮಕ್ಕಳ ಕೈಬರಹದಲ್ಲೇ ಇರಬೇಕೆಂಬ ನಿಯಮವಿದ್ದುದರಿಂದ ನಾವು ಹೇಳುತ್ತಾ ಹೋಗುವುದು, ಅವರು ಬರೆದುಕೊಳ್ಳುವುದು, ಆಮೇಲೆ ಬಾಯಿಪಾಠ. ಎಲ್ಲ ಶಾಲೆಗಳಲ್ಲೂ ಹೀಗೇ ನಡೆಯುತ್ತಿತ್ತು. ತೀರ್ಪುಗಾರರಿಗೂ ಗೊತ್ತಿತ್ತು, ಅವರೂ ಮೇಷ್ಟ್ರುಗಳೇ ತಾನೆ.

ಆ ವರ್ಷ ಮೂಡಿಗೆರೆಯಲ್ಲಿ ಇಟ್ಟ ವಿಷಯ, ‘ಭಯೋತ್ಪಾದನೆ ಮತ್ತು ಉಗ್ರವಾದವನ್ನು ಹತ್ತಿಕ್ಕಲು ಸೇನಾ ಕಾರ್ಯಾಚರಣೆಯೇ ತಕ್ಕ ದಾರಿ’ ಎಂಬುದು. ದೂರದ ದೇಶದ ಮೇಲೆ ಬಾಂಬು ಬೀಳುವುದನ್ನು ಜನ ಟಿವಿಯಲ್ಲಿ ನೋಡಿ ನೋಡಿ ಅದು ಮಾಮೂಲಾಗಿದ್ದ ಕಾಲ. ನಮ್ಮ ಕಾಡಿಗೂ ಬಂದೂಕು ಹಿಡಿದವರು ಬಂದಿದ್ದಾರಂತೆ, ಅವರನ್ನು ಹುಡುಕುವ ಪಡೆ ಬಂದು ಕ್ಯಾಂಪ್ ಹಾಕಿದೆಯಂತೆ ಎಂದು ಬಸ್ಸಿನಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದ ಕಾಲವೂ ಹೌದು. ಎಸ್ಟೇಟ್ ಮಾಲೀಕರ ಮಗ ಪ್ರಮೋದನಿಗೆ ‘ಪರ’ ಚೀಟಿ ಬಂತು. ಲಲಿತಾಳಿಗೆ ‘ವಿರೋಧ’.

ಪ್ರಮೋದನದ್ದನ್ನು ಒಂದೇ ಮಧ್ಯಾಹ್ನದಲ್ಲಿ ಬರೆಸಿ ಮುಗಿಸಿದೆ. ಬೋರರ್ ಹುಳ ಹೊಕ್ಕ ಕಾಫಿ ಗಿಡವನ್ನು ಬುಡಸಮೇತ ಕಿತ್ತು ಸುಡದಿದ್ದರೆ ಇಡೀ ತೋಟವೇ ಹೋಗುತ್ತದೆ, ದೇಶವೂ ಹಾಗೆಯೇ — ಈ ಮಾತು ಕಟ್ಟಿದವನು ನಾನು. ಈಗ ಬರೆಯುವಾಗಲೂ ಚೆನ್ನಾಗಿದೆ ಅನ್ನಿಸಿತು, ನೋಡಿ ನನ್ನ ಬುದ್ಧಿ. ಲಲಿತಾಳದ್ದು ಮಾತ್ರ ಮೇಲೇಳಲಿಲ್ಲ. ಶಾಂತಿ, ಅಹಿಂಸೆ, ಮಾತುಕತೆ — ಬರೀ ಒಣ ಉಪದೇಶ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಮಾತಿಗೆ ಯಾರು ಚಪ್ಪಾಳೆ ಹೊಡೆಯುತ್ತಾರೆ? “ನೀನು ಕಾಡಂಚಿನ ಮನೆಯವಳು. ನಿಂಗೇನಾದ್ರೂ ಗೊತ್ತಿದ್ರೆ ಹೇಳು ಮಾರಾಯ್ತಿ” ಎಂದೆ.

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಆಮೇಲೆ ಹೇಳಿದಳು. ಒಂದು ಸಂಜೆ ನಾಲ್ಕು ಜನ ಬಂದದ್ದು. ಗೋಡೆಗೆ ಬಂದೂಕು ಒರಗಿಸಿ ನಿಮ್ಮ ಜಗಲಿಯಲ್ಲಿ ಕೂತದ್ದು. ಅವಳಮ್ಮ ಮನೆಯವರಿಗೆಂದು ಮಾಡಿಟ್ಟಿದ್ದ ಗಂಜಿಯನ್ನೇ ಬಡಿಸಿದ್ದು. ಅವರಲ್ಲಿ ಒಬ್ಬಳು ಹುಡುಗಿ, ಲಲಿತಾಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು, ಕಾಲ ತುಂಬ ರಕ್ತ ಹೀರುವ ಇಂಬಳ ಕಚ್ಚಿದ ಗಾಯ. ಅವಳು ಇಂಬಳ ಬಿಡಿಸಲು ಒಂದು ಹಿಡಿ ಉಪ್ಪು ಕೇಳಿದ್ದು, ಲಲಿತಾ ಅದನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟದ್ದು. ಇದು ಗೊತ್ತಿದ್ದದ್ದು ನಿಮ್ಮ ಮನೆಯವರಿಗೆ ಮತ್ತು ಅಂಗಳದಾಚೆಯ ಮನೆಯ ಪುಟ್ಟಯ್ಯನಿಗೆ, ಅಷ್ಟೇ.

“ಸಾರ್, ಯಾರಿಗೂ ಹೇಳ್ಬಾರ್ದು ಅಂದಿದಾರೆ ಅಪ್ಪ” ಎಂದಳು.

“ಊರು, ಹೆಸರು ಎಂತದೂ ಬರಲ್ಲ ಬಿಡು. ಚರ್ಚಾಸ್ಪರ್ಧೇಲಿ ಹೇಳಿದ್ದನ್ನ ಯಾರು ನಿಜ ಅಂತಾರೆ?”

ಮೊದಲು ‘ಕಾಡಂಚಿನ ಯಾರದೋ ಮನೆಯಲ್ಲಿ ನಡೆದದ್ದು’ ಎಂದೇ ಬರೆಸಿದ್ದೆ. ಇದು ಸತ್ಯ — ಆದರೆ ಇದನ್ನು ಹೇಳಿ ನನಗೇನೂ ದಕ್ಕುವುದಿಲ್ಲ. ಸ್ಪರ್ಧೆಗೆ ಎರಡು ದಿನ ಮುಂಚೆ ಕೊನೆಯ ಬೆಂಚಿನಲ್ಲಿ ಕೂತು ಅವಳ ಮಾತು ಕೇಳಿದೆ. ಯಾರದೋ ಮನೆ ಅಂದರೆ ಯಾರಿಗೂ ತಟ್ಟುವುದಿಲ್ಲ ಅನ್ನಿಸಿತು. ಅವಳ ಮನೆಯೇ ಎಂದು ಬದಲಿಸಿದೆ. ‘ಅವರು ನಮ್ಮ ಮನೆಗೆ ಬಂದರು. ಅನ್ನ ಕೇಳಿದರು. ಕೊಡದಿದ್ದರೆ ಅವರು ಬಿಡುವುದಿಲ್ಲ, ಕೊಟ್ಟರೆ ನೀವು ಬಿಡುವುದಿಲ್ಲ. ಹೇಳಿ, ನನ್ನ ತಾಯಿ ಏನು ಮಾಡಬೇಕಿತ್ತು?’ ಹಾಗೆ ಹೇಳುವಾಗ ಹುಡುಗಿಯ ದನಿ ನಡುಗಿತು. ನಡುಗಿದ್ದು ಹೆದರಿಕೆಗೆ. ನಾನು ಅಭಿನಯ ಬಂತು ಎಂದು ಹಿಗ್ಗಿದೆ.

ಅವತ್ತು ಪುಸ್ತಕ ಚೀಲಕ್ಕೆ ಹಾಕಿಕೊಳ್ಳುತ್ತಾ ಕೇಳಿದಳು. “ಸಾರ್, ನಿಜವಾಗ್ಲೂ ಯಾವ್ದು ಸರಿ? ಮಿಲಿಟ್ರಿ ಬರೋದಾ, ಬರ್ದೇ ಇರೋದಾ?”

“ಶೀಲ್ಡ್ ಬರೋದು ಸರಿ” ಎಂದು ನಕ್ಕೆ. ಒಬ್ಬ ಮೇಷ್ಟ್ರು ಒಂದು ಮಗುವಿನ ಪ್ರಶ್ನೆಗೆ ಕೊಟ್ಟ ಉತ್ತರ ಅದು.

ಶೀಲ್ಡ್ ಬಂತು. ಕೊಟ್ಟವರು ಮುಖ್ಯ ಅತಿಥಿ — ಕಾಡು ಶೋಧಿಸಲು ಬಂದಿದ್ದ ಆ ಪಡೆಯ ಒಬ್ಬ ಅಧಿಕಾರಿ. ಪ್ರಮೋದನ ಬೋರರ್ ಮಾತಿಗೆ ಅವರು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಲಲಿತಾಳ ಗಂಜಿ, ಉಪ್ಪಿನ ಮಾತಿಗೆ ಸಭೆಯೆಲ್ಲ ಕಣ್ಣೊರೆಸಿಕೊಂಡಾಗ ಅವರು ಕೈಕಟ್ಟಿ ಕೂತು ಕೇಳುತ್ತಿದ್ದರು. ವೇದಿಕೆಯ ಮೇಲೆ ಅವಳ ತಲೆ ಸವರಿ, “ಯಾವ ಊರಮ್ಮ ನಿಂದು?” ಎಂದು ಕೇಳಿದರು. ಅವಳು ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಫೋಟೋಕ್ಕೆ ಮುಖ ಸರಿಮಾಡಿಕೊಳ್ಳುತ್ತಾ.

ನಾಲ್ಕನೇ ದಿನ ಶಾಲೆಯ ಅಂಗಳಕ್ಕೆ ಜೀಪು ಬಂತು. ಹೆಡ್ ಮಾಸ್ಟರ ಕೋಣೆಯಲ್ಲಿ ನಾವು ನಾಲ್ವರು — ಅಧಿಕಾರಿ, ಹೆಡ್ ಮಾಸ್ಟರು, ನಾನು, ಲಲಿತಾ. ಮೇಜಿನ ಮೇಲೆ ಅವಳ ದುಂಡು ಅಕ್ಷರದಲ್ಲಿದ್ದ ಭಾಷಣದ ನಾಲ್ಕು ಹಾಳೆ. ಅಧಿಕಾರಿ ಗದರಲಿಲ್ಲ. ನಗುತ್ತಲೇ ಕೇಳಿದರು, “ಇಷ್ಟು ಚಿಕ್ಕ ಹುಡುಗಿಗೆ ಇದನ್ನೆಲ್ಲ ಬರೆಯೋಕೆ ಆಗುತ್ತೇನ್ರೀ ಮೇಷ್ಟ್ರೇ? ಯಾರು ಬರ್ಕೊಟ್ಟಿದ್ದು?”

ಲಲಿತಾ ನನ್ನನ್ನು ನೋಡಿದಳು.

‘ನಾನೇ ಸಾರ್. ಕಥೆ ಅದು, ಚಪ್ಪಾಳೆಗೆ ಕಟ್ಟಿದ್ದು’ — ಇಷ್ಟು ಅಂದಿದ್ದರೆ ಸಾಕಿತ್ತು. ಆ ನಾಲ್ಕು ಜನ, ಆ ಗಂಜಿ, ಆ ಉಪ್ಪು ಎಲ್ಲ ಒಬ್ಬ ಮೇಷ್ಟ್ರ ಕಲ್ಪನೆಯಾಗಿ ಅಲ್ಲೇ ಮುಗಿಯುತ್ತಿತ್ತು. ನಂಬುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಆದರೆ ಬೈಗುಳವೋ ವಿಚಾರಣೆಯೋ, ಮೊದಲು ನನ್ನ ಮೇಲೆ ಬೀಳುತ್ತಿತ್ತು. ನಾನಾಗ ಯೋಚಿಸಿದ್ದು ನನ್ನ ನೌಕರಿ. ಕಾಡಿನವರ ಕಡೆಯವನು ಎಂದು ಒಮ್ಮೆ ಹೆಸರು ಬಿದ್ದರೆ ಸಸ್ಪೆಂಡ್, ಆಮೇಲೆ ಹೆಂಡತಿ ಮಕ್ಕಳು — ಇಲ್ಲ, ಇದನ್ನೂ ಮುಂದುವರಿಸುವುದಿಲ್ಲ.

“ಅವಳೇ ಬರೆದದ್ದು ಸಾರ್. ನಾನು ಕಾಗುಣಿತ ತಿದ್ದಿದೆ, ಅಷ್ಟೇ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ವರ್ಷ ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಟ್ಟಿದ್ದೇನೋ. ಲಲಿತಾ ನನ್ನ ಮೇಲಿನ ದೃಷ್ಟಿ ತೆಗೆದು ನೆಲ ನೋಡಿದಳು. “ಹೌದು ಸಾರ್. ನಾನೇ ಬರ್ದಿದ್ದು.” ಹದಿನೈದು ವರ್ಷದ ಹುಡುಗಿ, ಸೂರಣ್ಣ. ನಾನು ಹೇಳಿಕೊಟ್ಟದ್ದನ್ನು ಹೇಳುವುದು ಅವಳಿಗೆ ಅಭ್ಯಾಸವಾಗಿತ್ತು. ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ನಿಲ್ಲಿಸಿ, “ಭಾಷಣದ್ದಾಗ್ಲಿ ಇದಾಗ್ಲಿ ಮನೇಲಿ ಹೇಳ್ಬೇಡ” ಎಂದೆ. ಅದನ್ನೂ ಅವಳು ಪಾಲಿಸಿದಳು.

ಅದೇ ಸಂಜೆ ನಿಮ್ಮನ್ನು ಕ್ಯಾಂಪಿಗೆ ಕರೆದುಕೊಂಡು ಹೋದರು. ಹನ್ನೊಂದು ದಿನ. ಮೆಣಸು ಕೊಯ್ಲಿಗೆ ಉದ್ದದ ಏಣಿ ಹತ್ತುವವರಲ್ಲಿ ನಿಮ್ಮಂಥವರಿಲ್ಲ ಎಂದು ಆಸುಪಾಸಿನ ತೋಟದವರೆಲ್ಲ ಹೇಳುತ್ತಿದ್ದರು. ವಾಪಸು ಬಂದ ಮೇಲೆ ನಿಮ್ಮ ಬಲಗೈ ತಲೆಯ ಮೇಲಕ್ಕೆ ಹೋಗುತ್ತಿರಲಿಲ್ಲ. ಅಲ್ಲಿ ಏನಾಯಿತೆಂದು ನೀವು ಯಾರಿಗೂ ಹೇಳಲಿಲ್ಲ. ನಾನು ಕೇಳಲಿಲ್ಲ. ಒಂದು ಮಾತು ಮಾತ್ರ ನೀವು ಊರಿಗೆಲ್ಲ ಹೇಳಿದಿರಿ — ಅವರಿಗೆ ಉಪ್ಪಿನ ವಿಷಯ ಕೂಡ ಗೊತ್ತಿತ್ತು, ಹಾಗಾದರೆ ಒಳಗಿನವರೇ ಹೇಳಿದ್ದು, ಒಳಗಿನವರೆಂದರೆ ಪುಟ್ಟಯ್ಯ. ಅವನು ತಾಯಿಯ ಮೇಲೆ ಆಣೆ ಹಾಕಿದ. ನೀವು ಅವನ ಮನೆಯ ಕಡೆ ಬೇಲಿ ದಾಟುವ ತಡಮೆಗೆ ಮುಳ್ಳು ಬಡಿದು ಮುಚ್ಚಿದಿರಿ. ಅತ್ತ ದರಿ ಇತ್ತ ಪುಲಿ — ಕಾಡಿನವರೂ ಯಾವತ್ತು ಬಂದು ಏನು ಬಾಯಿಬಿಟ್ಟೆ ಎಂದು ಕೇಳುತ್ತಾರೋ ಎಂಬ ಹೆದರಿಕೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ಮನೆ ಬಿಟ್ಟು ವಸ್ತಾರೆ ಕಡೆಯ ಎಸ್ಟೇಟಿನ ಕೂಲಿ ಲೈನಿಗೆ ಹೋದಿರಿ. ಲಲಿತಾ ಪರೀಕ್ಷೆಗೆ ಕೂರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೆರೆ ಎಳೆದದ್ದು ನಾನೇ.

ವರ್ಷಗಳು ಕಳೆದವು, ನನಗೆ ವಸ್ತಾರೆ ಕಡೆಗೇ ವರ್ಗವಾಯಿತು. ಹೋದ ತಿಂಗಳು ಮತದಾರರ ಪಟ್ಟಿ ಹಿಡಿದು ನಾನು ನಿಮ್ಮ ಲೈನಿಗೆ ಬಂದದ್ದು ನಿಮ್ಮನ್ನು ಹುಡುಕಿಕೊಂಡಲ್ಲ, ಡ್ಯೂಟಿ ಹಾಕಿದ್ದರು. ಕಣದಲ್ಲಿ ಒಣಗಲು ಹಾಕಿದ್ದ ಪಾರ್ಚ್‌ಮೆಂಟ್ ಕಾಫಿ ಕಾಯುತ್ತಿದ್ದ ನೀವು ಎದ್ದು ಓಡಿ ಬಂದಿರಿ. “ಎಂತ ಮೇಷ್ಟ್ರೇ, ಇಷ್ಟು ದೂರ! ಬನ್ನಿ, ಒಳಗೆ ಬನ್ನಿ” ಎಂದು ಎಡಗೈಯಲ್ಲಿ ನನ್ನ ಕೈ ಹಿಡಿದಿರಿ. ಪಕ್ಕದ ಮನೆಯವರಿಗೆ ಹೇಳಿದಿರಿ, “ನನ್ನ ಒಡಹುಟ್ಟಿದವ್ನೇ ನನ್ನ ಹಿಡಿಸಿಕೊಟ್ಟಾಗ ಸಾಹೇಬ್ರ ಹತ್ರ ನನ್ನ ಪರ ಮಾತಾಡಿದ್ದು ಇವ್ರೊಬ್ರೇ. ಹುಡ್ಗಿ ಹೇಳಿದ್ಲು.”

ಲಲಿತಾ ಹಾಗೆ ಹೇಳಿದ್ದಳು, ಸೂರಣ್ಣ. ಜೀಪು ಶಾಲೆಗೆ ಯಾಕೆ ಬಂದಿತ್ತೆಂದು ನೀವು ಕೇಳಿದಾಗ ಹೆದರಿ, ಏನೋ ಒಂದು ಹೇಳಿಬಿಟ್ಟಿದ್ದಳು. ನಾನು ಆ ಹೊಗಳಿಕೆಯನ್ನು ಕೇಳಿಸಿಕೊಂಡೆ. ನೀವು ಕೊಟ್ಟ ಕಾಫಿ ಕುಡಿದೆ. ಪಟ್ಟಿಯಲ್ಲಿ ನಿಮ್ಮ ಹೆಸರಿಗೆ ಗುರುತು ಹಾಕಿ, ಬರುತ್ತೇನೆ ಎಂದು ಎದ್ದೆ. ಎರಡನೆಯ ಸಲ — ಈ ಸಲ ಯಾರ ಹೆದರಿಕೆಯೂ ಇಲ್ಲದೆ — ನಾನು ಬಾಯಿ ಮುಚ್ಚಿಕೊಂಡೆ. ಮೊದಲಿನದಕ್ಕಿಂತ ಇದೇ ಹೊಲಸು.

ಲಲಿತಾ ರಸ್ತೆಯವರೆಗೆ ಬಂದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಕಣದಿಂದ ನೇರ ಎದ್ದು ಬಂದವಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಸಾರ್, ಅಜ್ಜಿ ಸತ್ತಾಗ ಚಿಕ್ಕಪ್ಪನ್ನ ಹೆಣದ ಹತ್ರ ಬರಕ್ಕೆ ಬಿಡ್ಲಿಲ್ಲ ಅಪ್ಪ. ರಸ್ತೇಲೇ ನಿಂತು ಅತ್ಕೊಂಡು ಹೋದ್ರು. ನಂಗೆ ಹೇಳಕ್ಕಾಗ್ಲಿಲ್ಲ. ಹೇಳಿದ್ರೂ ಅಪ್ಪ ನಂಬಲ್ಲ, ನಿಮ್ಮೇಲೆ ಅಷ್ಟು ನಂಬಿಕೆ. ನೀವೇ ಒಂದ್ಸಲ ಹೇಳಿ.”

ಅದಕ್ಕೇ ಇದನ್ನು ಬರೆದೆ. ಸೇನೆ ಬರಬೇಕೋ ಬೇಡವೋ ಎಂದು ಕೇಳಿದರೆ ಇವತ್ತಿಗೂ ನಾನು ನಾಲ್ಕು ನಿಮಿಷ ಪರ, ನಾಲ್ಕು ನಿಮಿಷ ವಿರೋಧ ನಿರರ್ಗಳ ಮಾತಾಡಬಲ್ಲೆ. ನಿಮ್ಮ ಭುಜವನ್ನು ನೋಡುತ್ತಾ ಒಂದು ನಿಮಿಷವೂ ಆಗಲಾರದು. ಚರ್ಚೆ ಮಾಡಿಸುವುದನ್ನು ಬಿಟ್ಟಿದ್ದೇನೆ. ಅದು ದೊಡ್ಡ ತ್ಯಾಗವೇನೂ ಅಲ್ಲ. ಪುಟ್ಟಯ್ಯ ಕಳೆದುಕೊಂಡ ಅಣ್ಣನನ್ನಾಗಲಿ, ಲಲಿತಾ ಬರೆಯದ ಪರೀಕ್ಷೆಯನ್ನಾಗಲಿ ಅದು ವಾಪಸು ತರುವುದಿಲ್ಲ. ಕ್ಷಮಿಸಿ ಎಂಬ ಮಾತನ್ನು ಇದರಲ್ಲಿ ಎಲ್ಲೂ ಹಾಕಿಲ್ಲ. ಕೇಳುವ ಮುಖ ನನಗಿಲ್ಲ.

ನಿಮಗೆ ಓದಲು ಬಾರದು. ಈ ಹಾಳೆಗಳನ್ನು ಲಲಿತಾಳ ಕೈಗೆ ಕೊಟ್ಟು, ಅಪ್ಪನಿಗೆ ಓದಿ ಹೇಳು ಎನ್ನಬಹುದಿತ್ತು. ಓದುತ್ತಾಳೆ ಕೂಡ, ನಿಲ್ಲಬೇಕಾದಲ್ಲಿ ನಿಂತು, ಸ್ಪಷ್ಟವಾಗಿ — ನಾನೇ ಕಲಿಸಿದ್ದು. ಆದರೆ ನನ್ನ ಮಾತನ್ನು ಆ ಹುಡುಗಿಯ ಬಾಯಿಗೆ ಇನ್ನೊಮ್ಮೆ ತುರುಕಲಾರೆ. ಭಾನುವಾರ ಕಳಸಕ್ಕೆ ಹೋಗಿ ಪುಟ್ಟಯ್ಯನಿಗೆ ಎಲ್ಲ ಹೇಳಿ, ಅವನು ಒಪ್ಪಿದರೆ ಕರೆದುಕೊಂಡು ಬರುತ್ತೇನೆ. ಒಪ್ಪದಿದ್ದರೆ ಒಬ್ಬನೇ ಬರುತ್ತೇನೆ. ನೀವು ಒಳಗೆ ಕರೆಯಬೇಡಿ, ಸೂರಣ್ಣ. ಲೈನಿನವರೆಲ್ಲ ಕೇಳುವ ಹಾಗೆ ನಿಮ್ಮ ಬಾಗಿಲ ಮುಂದೆ ನಿಂತು ಇದನ್ನು ನಾನೇ ಓದುತ್ತೇನೆ.