ಐದನೆಯದಾಗಿ ಬಂದು ಗೆದ್ದ ಲಾರಿ

ದುಬೈಯ ದೇರಾದಿಂದ ಟ್ಯಾಕ್ಸಿ, ಮೂರು ಶವರ್ಮಾ, ನನಗೊಂದು ಹೊಸ ಫ್ರಾಕು: ಅಂದಿನ ಖರ್ಚು ಇಷ್ಟೇ. ಇವತ್ತು ಸಿಗ್ನಲ್ಲಿನಲ್ಲಿ ಸುಟ್ಟ ಟೈರಿನ ವಾಸನೆ ಬಂದಾಗ, ಆ ವರ್ಷದ ಲಾರಿ ಚಾಂಪಿಯನ್‌ಶಿಪ್ಪಿನ ಕೊನೆಯ ರೇಸು ನೆನಪಾಯಿತು.

ಅಪ್ಪ ನೀಲಿ ಲಾರಿಯ ಮೆಕ್ಯಾನಿಕ್. ಅದು ಚಾಂಪಿಯನ್ ಆದರೆ ಅಮ್ಮನಿಗೂ ನನಗೂ ಮತ್ತೆ ವೀಸಾ, ಇಲ್ಲದಿದ್ದರೆ ನಾವಿಬ್ಬರೂ ಊರಿಗೆ ಎಂದಿದ್ದ ಮಾಲೀಕ. ನೀಲಿ ಲಾರಿ ಐದನೆಯದಾಗಿ ಬಂತು. ನಾನು ಗೊಳೋ ಎಂದು ಅತ್ತೆ. ಅಪ್ಪ ಮಾತ್ರ ಕುಣಿಯುತ್ತಿದ್ದರು.

"ಎಂತ ಅಳುದು ಮಾರಾಯ್ತಿ? ನಾವೇ ಗೆದ್ದದ್ದು."

"ನಾಲ್ಕು ಲಾರಿ ಮುಂದೆ ಹೋಯ್ತಲ್ಲ ಅಪ್ಪ?"

"ಹೋಗ್ಲಿ. ಇಡೀ ವರ್ಷದ ಪಾಯಿಂಟ್ ಕೂಡಿಸಿದ್ರೆ ನಮ್ಮದೇ ಜಾಸ್ತಿ. ಖಲಾಸ್."

ಮೊದಲು ಬಂದ ಡ್ರೈವರನೂ ನನ್ನ ಹಾಗೆಯೇ ಅಳುತ್ತಿದ್ದ.

ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿತ್ತು. ಅಂದು ಮಾಲೀಕನಿಗೆ ಕಪ್ ಸಿಕ್ಕಿತು, ಮೊದಲು ಬಂದವನಿಗೆ ಚಪ್ಪಾಳೆ, ಅಮ್ಮನಿಗೂ ನನಗೂ ವೀಸಾ. ಪಾಯಿಂಟಿನ ಲೆಕ್ಕ ಇಂದಿಗೂ ನನ್ನ ತಲೆಗೆ ಹತ್ತಿಲ್ಲ.